ಭವಿತಾಳಿಗೆ ಕೊಟ್ಟ ಕಸಿ ಗಿಡ

ಬೆಳ್ಳಾರೆಯ ಶಾಲೆಯೊಂದರಲ್ಲಿ ನೀಲಾವತಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬಿಸಿಯೂಟ ಬೇಯಿಸಿದಳು. ಅಷ್ಟು ಕಾಲ ಒಲೆಯ ಮುಂದೆ ನಿಂತರೂ ಅವಳ ಸೀರೆಯ ಮೇಲೆ ಸಾರಿನ ಒಂದು ಕಲೆ ಕಂಡವರಿಲ್ಲ. ಗಂಡ ತೀರಿಹೋದ ಮೇಲೆ ಒಬ್ಬಳೇ ಮಗನನ್ನು ಸಾಕಿದಳು. ಅವನು ಬಸ್ಸಿನ ಡ್ರೈವರ್ ಆದ, ಮದುವೆಯೂ ಆಯಿತು. "ಒಂದೆಸಳು ಕರಿಬೇವಿನಸೊಪ್ಪು ಸಹ ಯಾರ ಹತ್ತಿರ ಕೇಳಿದವಳಲ್ಲ ನಾನು" ಎಂದು ಆಗಾಗ ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು.

ಹೋದ ವರ್ಷ ಜನವರಿಯಲ್ಲಿ ಎರಡು ದಿನ ಹೊಟ್ಟೆ ಕೆಟ್ಟು, ಮೂರನೆಯ ಬೆಳಿಗ್ಗೆ ಅವಳು ಬಚ್ಚಲಲ್ಲಿ ತಲೆತಿರುಗಿ ಬಿದ್ದಳು. ಮಗ ಬಸ್ಸಿನಲ್ಲಿದ್ದ, ಸೊಸೆ ಹೇಮಶ್ರೀ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಎಡಗೈ ಮುರಿದಿತ್ತು. ಏಳಲಾಗದೆ ತನ್ನದೇ ಹೊಲಸಿನಲ್ಲಿ ಒಂದು ಗಂಟೆ ಬಿದ್ದುಕೊಂಡಿದ್ದಳು. ಬೇಲಿಯಾಚೆ ಗಿಡಗಳಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯ ಭವಿತಾಳಿಗೆ ನರಳಾಟ ಕೇಳಿಸಿತು. ಅವಳ ಗಂಡ ರೂಪೇಶ್ ಬಾಗಿಲಿನ ಚಿಲಕ ಮುರಿದ. ಭವಿತಾ ಅವನನ್ನು ಹೊರಗೆ ಕಳಿಸಿ, ನೀಲಾವತಿಯ ಬಟ್ಟೆ ತೆಗೆದು, ಬಿಸಿನೀರು ಹೊಯ್ದು, ಎಲ್ಲವನ್ನೂ ತನ್ನ ಕೈಯಲ್ಲೇ ತೊಳೆದಳು. ಆಮೇಲೆ ಇಬ್ಬರೂ ಸೇರಿ ಕಾರಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಯಿಂದ ಬಂದ ಮೇಲೂ ಇಪ್ಪತ್ತು ದಿನ ಗಂಜಿ, ಚಟ್ನಿ ಎಲ್ಲ ಬೇಲಿ ದಾಟಿ ಬಂತು.

"ಅತ್ತೆ, ಅವರಿಗೆ ಏನಾದ್ರೂ ಕೊಡ್ಬೇಕು ನಾವು" ಎಂದಳು ಹೇಮಶ್ರೀ. "ಗಿಡ ನೆಡುವ ಪಿಂಗಾಣಿ ಚಟ್ಟಿ ತರುದಾ? ಗಿಡ ಕತ್ತರಿಸುವ ಕತ್ತರಿ?"

"ಅದೆಲ್ಲ ಅವಳಲ್ಲಿ ರಾಶಿ ಉಂಟು. ನಾನೇ ನೋಡ್ತೇನೆ."

ಭವಿತಾಳಿಗೆ ಏನು ಬೇಕೆಂದು ನೀಲಾವತಿಗೆ ಗೊತ್ತಿತ್ತು. ಆ ಗಂಡ ಹೆಂಡತಿಗೆ ಗಿಡವೇ ಲೋಕ. ಮದುವೆಯಾಗಿ ಹನ್ನೊಂದು ವರ್ಷ ಕಳೆದರೂ ಮಕ್ಕಳಿರಲಿಲ್ಲ. ಅಂಗಳ ತುಂಬ ಆಂಥೂರಿಯಂ, ತೆಂಗಿನ ಸಿಪ್ಪೆಗೆ ಕಟ್ಟಿದ ಸೀತಾಳೆ ಹೂವಿನ ಗಿಡ, ಹಿಂದೆ ಬಸಳೆಯ ಚಪ್ಪರ. ರಂಬುಟಾನ್ ಹಣ್ಣಿನ ಗಿಡ ಮಾತ್ರ ಕೈಕೊಟ್ಟಿತ್ತು. ಎರಡು ಸಲ ಬೀಜ ಹಾಕಿ ಬೆಳೆಸಿದ ಮರಗಳೂ ಗಂಡಾಗಿ, ಹಣ್ಣೇ ಬಿಡದೆ, ಅವನ್ನು ಕಡಿಸಬೇಕಾಗಿ ಬಂದಿತ್ತು. ಕಸಿ ಗಿಡವಾದರೆ ಆ ಭಯವಿಲ್ಲ.

ಮಾರ್ಚಿನಲ್ಲಿ ನೀಲಾವತಿ ಸೊಸೆಯೊಡನೆ ಪುತ್ತೂರಿನ ನರ್ಸರಿಗೆ ಹೋದಳು. ತೋರಿಸಿದ ಮೊದಲ ಎರಡು ರಂಬುಟಾನ್ ಗಿಡಗಳನ್ನು ಬೇಡವೆಂದಳು. ಮೂರನೆಯದರ ಕಸಿಯ ಗಂಟನ್ನು ಬೆರಳಿನಿಂದ ಮುಟ್ಟಿ, ಎಲೆಯ ಅಡಿಯಲ್ಲಿ ಹುಳ ಉಂಟಾ ಎಂದು ಮಗುಚಿ ನೋಡಿದಳು. ತುದಿಯಲ್ಲಿ ಕೆಂಪು ಚಿಗುರು ಹೊಡೆದಿತ್ತು. "ಇದು" ಎಂದಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಳು. ಆ ಹೊತ್ತಿಗೆ ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಬಸ್ಸಿಳಿದ ಮೇಲೆ, ಭವಿತಾಳಿಗೆ ಮೊದಲೇ ಗೊತ್ತಾಗಬಾರದೆಂದು ಹೇಮಶ್ರೀ ಗಿಡವನ್ನು ಚೀಲದೊಳಗೆ ಅಡಗಿಸಿ ಮುಂದೆ ಹೋದಳು. ಭವಿತಾ ತನ್ನ ಗೇಟಿನ ಹತ್ತಿರ ನಿಂತಿದ್ದಳು, ಜೊತೆಗೆ ಮೇಲಿನ ಮನೆಯ ಲೋಲಾಕ್ಷಿ.

"ಎಂತ ನೀಲಕ್ಕ, ಪೇಟೆಗೆ ಹೋದದ್ದಾ? ಹೊಟ್ಟೆ ಈಗ ಸರಿ ಉಂಟಲ್ಲ?" ಎಂದು ಭವಿತಾ ನಕ್ಕಳು.

ಲೋಲಾಕ್ಷಿ ಮುಖ ಸಣ್ಣ ಮಾಡಿಕೊಂಡು, "ಭವಿತಾ ಹೇಳಿದ್ಳು ಮಾರಾಯ್ರೆ. ಪಾಪ, ಮೈಯೆಲ್ಲ ಆಗಿತ್ತಂತೆ ಅಲ್ವಾ? ವಯಸ್ಸಾದ ಮೇಲೆ ಹಾಗೇ" ಎಂದಳು.

ನೀಲಾವತಿಯ ಕಿವಿ ಸುಟ್ಟಂತಾಯಿತು. ಭವಿತಾಳ ಮುಖದಲ್ಲಿ ಕುಹಕವಿರಲಿಲ್ಲ. ಅವಳು ಅದನ್ನು ಮರುಕದಿಂದಲೇ ಹೇಳಿರಬೇಕು. ಆದರೆ ಹೇಳಿದ್ದಳು. ಇನ್ನು ಮೇಲೆ ಬೇಲಿಯಾಚೆ ಯಾರು ನಕ್ಕರೂ ಅವರ ಕಣ್ಣಿಗೆ ಕಾಣುವುದು ಬಚ್ಚಲಲ್ಲಿ ಬಿದ್ದ ಬೆತ್ತಲೆ ಮುದುಕಿಯೇ.

ಮರುದಿನ ಬೆಳಿಗ್ಗೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಸೊಸೆ ಅಂಗಡಿಯಿಂದ ಹೂ ತರಲು ಹೋದ ಹೊತ್ತಿಗೆ ನೀಲಾವತಿ ಗಿಡವನ್ನು ಬಚ್ಚಲ ಹಿಂದಕ್ಕೆ ಒಯ್ದಳು. ಒಂದು ಚೆಂಬು ಕುದಿನೀರು ಹೊಯ್ದು ನಿಂತಳು. ಮಣ್ಣಿನಿಂದ ಹಬೆ ಎದ್ದಿತು. ಇನ್ನೂ ಎರಡು ಚೆಂಬು ಹೊಯ್ದಳು. ಎಲೆಗೆ ಒಂದು ಹನಿಯೂ ತಾಗದ ಹಾಗೆ, ಬುಡಕ್ಕೆ ಮಾತ್ರ. ಆಮೇಲೆ ಗಿಡದ ಚಟ್ಟಿ ಒರೆಸಿ ಜಗಲಿಯ ಮೇಲಿಟ್ಟಳು.

ಹತ್ತು ಗಂಟೆಗೆ ಅತ್ತೆ ಸೊಸೆ ಇಬ್ಬರೂ ಹೋಗಿ ಗಿಡ ಕೊಟ್ಟರು. ಭವಿತಾಳ ಕಣ್ಣು ತುಂಬಿತು. "ಕಸಿಯದ್ದಾ? ನಿಮಗೆ ಹೇಗೆ ಗೊತ್ತಾಯ್ತು ನೀಲಕ್ಕ?" ಎಂದು ಅವಳ ಮುರಿದು ಕೂಡಿದ ಕೈಯನ್ನು ಹಿಡಿದುಕೊಂಡಳು.

ಮೂರನೆಯ ದಿನ ಚಿಗುರು ಬಗ್ಗಿತು. ನೀಲಾವತಿ ಅಡಿಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ಭವಿತಾ ತೆಂಗಿನ ಗರಿಯ ನೆರಳು ಕಟ್ಟಿದಳು. ರೂಪೇಶ್ ಯಾವುದೋ ಔಷಧಿ ತಂದು ಬುಡಕ್ಕೆ ಹೊಯ್ದ. ಸಂಜೆ ಸಂಜೆ ಭವಿತಾ ಕುಕ್ಕರಗಾಲಲ್ಲಿ ಕೂತು ಆ ಗಿಡದೊಡನೆ ಏನೋ ಮಾತಾಡುತ್ತಿದ್ದಳು. ಎಲೆಗಳು ಒಂದೊಂದಾಗಿ ಕಂದುಬಣ್ಣಕ್ಕೆ ತಿರುಗಿ ಉದುರಿ, ಇಪ್ಪತ್ತು ದಿನಕ್ಕೆ ಕಡ್ಡಿ ಉಳಿಯಿತು.

ಭವಿತಾ ತಾನೇ ಬಂದಳು. ಜಗಲಿ ಹತ್ತದೆ ಮೆಟ್ಟಿಲ ಕೆಳಗೇ ನಿಂತಳು.

"ಹೇಗೆ ಹೇಳುದು ಗೊತ್ತಾಗುದಿಲ್ಲ ನೀಲಕ್ಕ. ನೀವು ಅಷ್ಟು ಪ್ರೀತಿಯಿಂದ ಕೊಟ್ಟದ್ದು. ಸತ್ತುಹೋಯ್ತು. ನಾನು ಎಂತ ತಪ್ಪು ಮಾಡಿದೆ ಅಂತಲೇ ತಿಳಿಯುದಿಲ್ಲ."

ಹೇಮಶ್ರೀ, "ಅಯ್ಯೋ, ಹೋಗ್ಲಿ ಭವಿತಕ್ಕ, ಇನ್ನೊಂದು ತಂದ್ರಾಯ್ತು" ಎಂದಳು.

ಜಗಲಿಯಲ್ಲಿ ಕೂತಿದ್ದ ನೀಲಾವತಿ ಬೀಸಣಿಗೆ ಬೀಸುವುದನ್ನು ನಿಲ್ಲಿಸಿದಳು. ಮಾತು ಎಲ್ಲಿಗೆ ತಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇನ್ನೊಂದು ಯಾಕೆ? ಗಿಡ ಒಳ್ಳೆದೇ ಇತ್ತು. ಹಣ್ಣು ಬಿಡುದಕ್ಕೆಲ್ಲ ಕೈಗುಣ ಬೇಕು ಭವಿತಾ. ಅದು ಕೆಲವರಿಗೆ ಇರುದಿಲ್ಲ."

ಭವಿತಾ ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡು, ಸೀರೆಗೆ ಒರೆಸಿ, ತಲೆ ತಗ್ಗಿಸಿ ಹೋದಳು.

"ಎಂತ ಅತ್ತೆ ಅದು, ಅವರಿಗೆ ಹಾಗೆ ಹೇಳುದಾ?" ಎಂದು ಹೇಮಶ್ರೀ ಕಂಗಾಲಾಗಿ ಕೇಳಿದಳು. ನೀಲಾವತಿ ಮತ್ತೆ ಬೀಸಣಿಗೆ ಬೀಸತೊಡಗಿದಳು. ಆ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಆಮೇಲೆ ಭವಿತಾ ಅವಳ ಹೊಟ್ಟೆಯ ವಿಷಯ ಕೇಳಲೇ ಇಲ್ಲ. ಬೇಲಿಯ ಹತ್ತಿರ ಎದುರಾದರೆ ಕಣ್ಣು ಕೆಳಗಿಳಿಸುವ ಸರದಿ ಈಗ ಭವಿತಾಳದಾಯಿತು. ನೀಲಾವತಿ ಮತ್ತೆ ನೆರಿಗೆ ಚಿಮ್ಮಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಪೇಟೆಗೆ ಹೋಗತೊಡಗಿದಳು.

ಮೇ ತಿಂಗಳಲ್ಲಿ ಒಂದು ದಿನ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಾಗ ಬೇಲಿಯಾಚೆ ಲೋಲಾಕ್ಷಿಯ ಸ್ವರ ಕೇಳಿತು. ಮಗಳ ಮನೆಯಲ್ಲಿ ನೆಡಲಿಕ್ಕೆ ಅವಳಿಗೆ ಒಂದು ದಾಸವಾಳದ ಗೆಲ್ಲು ಬೇಕಿತ್ತು.

"ನೀವೇ ಕತ್ತರಿಸಿಕೊಳ್ಳಿ ಲೋಲಕ್ಕ" ಎಂದಳು ಭವಿತಾ. "ನಾನು ಮುಟ್ಟುದು ಬೇಡ. ನನ್ನ ಕೈ ಸರಿ ಇಲ್ಲ."

ನೀಲಾವತಿಗೆ ಭವಿತಾಳ ಮಾತು ಸ್ಪಷ್ಟವಾಗಿ ಕೇಳಿಸಿತು. ಬೇಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ನಿಜವನ್ನು ಹೇಳಿಬಿಡಲು ಒಂದೇ ವಾಕ್ಯ ಸಾಕಿತ್ತು. ಅವಳು ಬಗ್ಗಿ, ಚಾಪೆಯ ಮೇಲಿನ ಹಪ್ಪಳಗಳನ್ನು ಇನ್ನೊಂದು ಬದಿಗೆ ಮಗುಚತೊಡಗಿದಳು.