ಸೇತುರಾಮ ಕಟ್ಟಿದ ಯೂನಿಯನ್

ನನ್ನ ಬಾಲ್ಯದ ಗೆಳೆಯ ಸೇತುರಾಮ ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆಯವನು. ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು, ಇನ್ನೊಬ್ಬರ ಕೈಕೆಳಗೆ ಇದ್ದದ್ದು ಸಾಕೆಂದು ರಾಜೀನಾಮೆ ಬಿಸಾಕಿ, ಎಪ್ಪತ್ತಾರನೇ ಇಸವಿಯಲ್ಲಿ ಹೆಬ್ಬಾಳದಲ್ಲಿ ಒಂದು ತಗಡಿನ ಷೆಡ್ಡು ಬಾಡಿಗೆಗೆ ಹಿಡಿದ. ಎರಡು ಲೇತ್ ಮಷೀನು, ಒಂದು ಡ್ರಿಲ್ಲಿಂಗ್ ಮಷೀನು, ಬಾಗಿಲ ಮೇಲೆ ಷೆಡ್ಡಿಗಿಂತ ಉದ್ದದ ಬೋರ್ಡು. ಬಿಟ್ಟು ಬಂದ ಕಾರ್ಖಾನೆಗೇ ಯಂತ್ರಗಳಿಗೆ ಕೂರಿಸುವ ಹಿತ್ತಾಳೆಯ ಬುಷ್‌ಗಳನ್ನು ಮಾಡಿಕೊಡುವ ಕೆಲಸ. ಅಂದರೆ ಮತ್ತೆ ಅವರ ಕೈಕೆಳಗೇ. ಮೊದಲು ಸಂಬಳ ಬರುತ್ತಿತ್ತು, ಈಗ ವಿಸಿಟಿಂಗ್ ಕಾರ್ಡು ಬಂದಿತ್ತು, ಅಷ್ಟೇ ವ್ಯತ್ಯಾಸ.

ಮಷೀನು ತಂದಷ್ಟು ಸುಲಭವಾಗಿ ಜನರನ್ನು ತರಲಾಗಲಿಲ್ಲ. ಬಂದವರಿಗೆ ಕೆಲಸ ಬರುತ್ತಿರಲಿಲ್ಲ. ಇವನ ಹಿತ್ತಾಳೆಯನ್ನು ಹಾಳು ಮಾಡಿ ಕಲಿಯುತ್ತಿದ್ದರು, ಕಲಿತ ಕೂಡಲೇ ಯಶವಂತಪುರದ ಕಡೆಯ ದೊಡ್ಡ ಕಾರ್ಖಾನೆಗಳಿಗೆ ಹೋಗಿಬಿಡುತ್ತಿದ್ದರು. ಹೋಗುವಾಗ ಕಾಲಿಗೆ ನಮಸ್ಕಾರ ಮಾಡುತ್ತಿದ್ದರು, ಅದೊಂದು ಸಮಾಧಾನ. ಒಬ್ಬೊಬ್ಬ ಹೋದಾಗಲೂ ಸರಕು ತಡವಾಗುತ್ತಿತ್ತು. ಕೊನೆಗೆ ಕಾರ್ಖಾನೆಯವರು, ಇನ್ನೊಂದು ಸಲ ತಡವಾದರೆ ಆರ್ಡರು ನಿಲ್ಲಿಸುತ್ತೇವೆಂದು ಹೇಳಿ ಕಳಿಸಿದರು. ಜನ ನಿಲ್ಲದಿದ್ದರೆ ಷೆಡ್ಡು ನಿಲ್ಲುವುದಿಲ್ಲ ಎಂಬುದು ಸೇತುರಾಮನಿಗೂ ಅರ್ಥವಾಯಿತು.

ರಕ್ತಸಂಬಂಧಿಗಳು ಬಿಟ್ಟುಹೋಗುವುದಿಲ್ಲ ಎಂದು ಸೋದರತ್ತೆಯ ಮೊಮ್ಮಕ್ಕಳಿಬ್ಬರನ್ನು ಸೇರಿಸಿಕೊಂಡ. ಅವರು ನಿಜವಾಗಿಯೂ ಬಿಟ್ಟುಹೋಗಲಿಲ್ಲ, ಕೂತ ಸ್ಟೂಲನ್ನೂ ಬಿಟ್ಟು ಏಳಲಿಲ್ಲ. ಅವರನ್ನು ಸಾಗಹಾಕಲು ಒಂದು ಗೃಹಪ್ರವೇಶದಲ್ಲಿ ನೆಂಟರೆಲ್ಲರ ಎದುರು ಜಗಳವಾಗಬೇಕಾಯಿತು. ಆಮೇಲೆ ಎಲ್ಲರಿಗೂ ಜೇಬಿನ ಮೇಲೆ ಕಂಪನಿ ಹೆಸರು ಹೊಲಿದ ನೀಲಿ ಸಮವಸ್ತ್ರ ಹೊಲಿಸಿದ. ಅದನ್ನೇ ಹಾಕಿಕೊಂಡು ಇಬ್ಬರು ಬೇರೆ ಕಡೆ ಸಂದರ್ಶನಕ್ಕೆ ಹೋಗಿ, ಬಹಳ ಅನುಭವಸ್ಥರಂತೆ ಕಂಡು, ಕೆಲಸ ಗಿಟ್ಟಿಸಿಕೊಂಡರು.

ಮೂರನೆಯ ಉಪಾಯ ಊಟ. ಅವನ ಹೆಂಡತಿ ಕೃಷ್ಣವೇಣಿಯವರು ಬೆಳಗಿನ ಜಾವ ಎದ್ದು ಎಲ್ಲರಿಗೂ ಆಗುವಷ್ಟು ಅನ್ನ, ಹುಳಿ, ಪಲ್ಯ ಮಾಡಿ, ಎರಡು ದೊಡ್ಡ ಕ್ಯಾರಿಯರು ಹಿಡಿದು ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಬಡಿಸಿ, ಪಾತ್ರೆ ತೊಳೆದು ವಾಪಸು ಬರುತ್ತಿದ್ದರು. ಇದಕ್ಕೆ ಸೇತುರಾಮ ಕ್ಯಾಂಟೀನ್ ವ್ಯವಸ್ಥೆ ಎಂದು ಹೆಸರಿಟ್ಟ. ಅಕ್ಕಿ ಬೇಳೆ ಬಿಟ್ಟರೆ ಕಾಸು ಖರ್ಚಿಲ್ಲ ಎಂದು ನನ್ನೆದುರು ಬೀಗಿದ. ಅವರು ಏನಂದರು ಎಂದು ಕೇಳಿದೆ. ಅವಳು ಅನ್ನುವುದಕ್ಕೇನಿದೆ ಎಂದ.

ಊಟದ ರುಚಿಗೆ ಐದು ಜನ ನಿಂತರು. ಅವರಲ್ಲಿ ಹಿರಿಯ ಚಿಕ್ಕಜಾಲದ ಮುನಿಯಣ್ಣ, ಮಾತಿನಲ್ಲಿ ಮುಂದು ಗಯಾಸ್. ಆದರೆ ಉಂಡ ಮೇಲೆ ಐವರೂ ಪೇಪರಿನಲ್ಲಿ ಕೆಲಸ ಖಾಲಿ ಇದೆ ಎಂಬ ಜಾಹೀರಾತುಗಳನ್ನು ಓದುತ್ತ ಕೂರುವುದನ್ನು ಕಂಡು ಸೇತುರಾಮನ ನಿದ್ದೆ ಕೆಟ್ಟಿತು. ಒಂದು ಭಾನುವಾರ ನಮ್ಮ ಮನೆಗೆ ಬಂದವನ ಮುಖ ಬೆಳಗುತ್ತಿತ್ತು.

"ಇಪ್ಪತ್ತು ವರ್ಷ ಆ ಕಾರ್ಖಾನೇಲಿದ್ನಲ್ಲ, ಒಬ್ಬನಾದ್ರೂ ಬಿಟ್ಟು ಹೋದ್ನೇನೋ? ಯಾಕೆ ಹೇಳು. ಯೂನಿಯನ್ ಇತ್ತು ಕಣೋ. ಒಗ್ಗಟ್ಟು."

ಅಲ್ಲಿ ಪ್ರಾವಿಡೆಂಟ್ ಫಂಡು, ಬೋನಸ್ಸು, ಕ್ವಾರ್ಟರ್ಸು, ಆಸ್ಪತ್ರೆ ಕೂಡ ಇದ್ದವು ಎಂದೆ. ಅವೆಲ್ಲ ಚಿಲ್ಲರೆ ವಿಷಯ ಎಂದ. ನೀನೇ ಬಿಟ್ಟು ಬಂದೆಯಲ್ಲ ಎಂದೆ. ಅದು ಲೆಕ್ಕಕ್ಕಿಲ್ಲ ಎಂದ.

ಯೂನಿಯನ್ ಎಂಬ ಶಬ್ದ ಕಿವಿಗೆ ಬಿದ್ದರೆ ಬೇರೆ ಮಾಲೀಕರು ಬೆವರುವ ಕಾಲ ಅದು. ನಮ್ಮವನು ತನ್ನ ಖರ್ಚಿನಲ್ಲೇ ರಸೀದಿ ಪುಸ್ತಕ, ರಬ್ಬರ್ ಸ್ಟಾಂಪು ಮಾಡಿಸಿಕೊಂಡು ಬಂದ. ನೋಂದಾಯಿಸುವುದಕ್ಕೆ ಏಳು ಜನ ಬೇಕಿತ್ತು. ಐವರ ಜೊತೆಗೆ ಕಸ ಗುಡಿಸುವ ಅಕ್ಕಯ್ಯಮ್ಮನನ್ನು ಸೇರಿಸಿದ. ಏಳನೆಯವರು ಸಿಗದೆ ಕೃಷ್ಣವೇಣಿಯವರಿಂದ ಸಹಿ ಹಾಕಿಸಿದ. ಯಾವುದಕ್ಕೆ ಎಂದು ಅವರು ಕೇಳಿದರಂತೆ. ಸುಮ್ಮನೆ ಹಾಕು ಎಂದನಂತೆ.

ಯೂನಿಯನ್ ಹುಟ್ಟಿತು, ಆದರೆ ಸದ್ದು ಮಾಡಲಿಲ್ಲ. ಒಂದು ಬೇಡಿಕೆಯೂ ಬಾರದಿದ್ದಾಗ ಸೇತುರಾಮನಿಗೆ ಮುಖಭಂಗವಾದಂತಾಯಿತು. ಶನಿವಾರ ಮಧ್ಯಾಹ್ನ ಮಷೀನು ನಿಲ್ಲಿಸಿ ಪಾಠ ಶುರುಮಾಡಿದ. ಒಬ್ಬನಿಗೆ ಆದದ್ದು ಎಲ್ಲರಿಗೂ ಆದ ಹಾಗೆ, ಒಬ್ಬನೇ ಬಿಟ್ಟುಹೋಗುವವನು ದ್ರೋಹಿ, ಬಂದರೆ ಎಲ್ಲರೂ, ಹೋದರೆ ಎಲ್ಲರೂ. ಪಾತ್ರೆ ತೊಳೆಯುತ್ತ ಕೃಷ್ಣವೇಣಿಯವರೂ ಇದನ್ನೆಲ್ಲ ಕೇಳಿಸಿಕೊಂಡರು.

ವಿದ್ಯಾರ್ಥಿಗಳು ಜಾಣರು. ಸರಕು ಕಳಿಸಬೇಕಾದ ವಾರವನ್ನೇ ನೋಡಿಕೊಂಡು ಒಂದು ಬೆಳಿಗ್ಗೆ ಷೆಡ್ಡಿನ ಎದುರಿನ ಹೊಂಗೆ ಮರದ ಕೆಳಗೆ ಮುಷ್ಕರಕ್ಕೆ ಕೂತರು. ಸೇತುರಾಮನಿಂದ ನನಗೆ ಫೋನು ಬಂತು. ಹೆದರಿದ್ದಾನೆ ಎಂದುಕೊಂಡು ಓಡಿದೆ. ಅವನು ಕಿಟಕಿಯ ಹತ್ತಿರ ನಿಂತು ಹಲ್ಲು ಕಡಿಯುತ್ತಿದ್ದ. ಮುಷ್ಕರಕ್ಕಲ್ಲ, ಇವರು ಘೋಷಣೆ ಕೂಗುವ ರೀತಿಗೆ. ಭಜನೆಯಲ್ಲಿ ಕೊನೆಯ ಸಾಲಿನವರ ಹಾಗೆ ಗೊಣಗುತ್ತಿದ್ದರು. ಹಿಂದೆ ಕಾರ್ಖಾನೆಯ ಗೇಟಿನಲ್ಲಿ ಕೂಗಿದ ಗಂಟಲಿಗೆ ಅದನ್ನು ಸಹಿಸಲಾಗಲಿಲ್ಲ. ಹೊರಗೆ ಹೋದವನೇ ಮುಷ್ಟಿ ಎತ್ತಿ, "ಮಾಲೀಕ ಸೇತುರಾಮನಿಗೆ" ಎಂದು ಗರ್ಜಿಸಿದ. ಅವರು "ಧಿಕ್ಕಾರ" ಎಂದರು. ಸಾಲದು ಎಂದು ಮತ್ತೆ ಕೂಗಿಸಿದ. ಪಕ್ಕದ ಜಮೀನಿನ ಮನೆ ಜಗಲಿಯಲ್ಲಿ ಕೂತಿದ್ದ ಬ್ಯಾಟರಾಯಪ್ಪ ಎದ್ದು ನಿಂತು ನೋಡಿದ. ಹೆಬ್ಬಾಳದ ಹಳೇ ಕುಳ, ಇವನ ಷೆಡ್ಡಿನ ನೆಲದೊಡೆಯ.

ಅಷ್ಟರಲ್ಲಿ ಕೃಷ್ಣವೇಣಿಯವರು ಕ್ಯಾರಿಯರು ಹಿಡಿದು ಬಸ್ಸಿಳಿದು ಬಂದರು. ಗಂಡನ ಕಡೆ ನೋಡಿದರು, ಮರದ ಕಡೆ ನೋಡಿದರು, ಹೋಗಿ ಅಕ್ಕಯ್ಯಮ್ಮನ ಪಕ್ಕ ಕೂತರು. ಅಂದು ಮರದ ಕೆಳಗೆ ಊಟವಾಯಿತು. ಮಾಲೀಕನಿಗೆ ಬಡಿಸಲಿಲ್ಲ. ಅವನೂ ನಾನೂ ಬಾಳೆಹಣ್ಣು ತಿಂದೆವು.

ಸಂಜೆಗೆ ರಾಜಿ. ಕೂಲಿ ಹೆಚ್ಚಳ, ಕಾಲಿಗೆ ಬೂಟು, ಎರಡು ಹೊತ್ತು ಟೀ, ಚಿಕ್ಕಜಾಲದವರಿಗೆ ಬಸ್ ಚಾರ್ಜು, ಎಲ್ಲಕ್ಕೂ ಒಪ್ಪಿದ. ಕೊನೆಯ ಬೇಡಿಕೆಯನ್ನು ಮುನಿಯಣ್ಣ ತಲೆ ತಗ್ಗಿಸಿಕೊಂಡು ಹೇಳಿದ. ಅಡುಗೆ ಮಾಡುವ ಅಕ್ಕನವರಿಗೂ ತಿಂಗಳ ಸಂಬಳ ಆಗಬೇಕು. ಸೇತುರಾಮ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಗೆ ಸಂಬಳ ಕೊಡುವ ಗಂಡ ಈ ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ಕರೆದುಕೊಂಡು ಬಾ ಎಂದ. ಕೃಷ್ಣವೇಣಿಯವರು ಕ್ಯಾರಿಯರಿನ ಮುಚ್ಚಳ ಹಾಕುತ್ತಿದ್ದರು, ನಗಲಿಲ್ಲ.

ಆ ವಾರ ಐವರೂ ಒಂದೇ ಕೈಯಾಗಿ ದುಡಿದರು. ಒಬ್ಬ ದಣಿದರೆ ಇನ್ನೊಬ್ಬ ಹೇಳಿಸಿಕೊಳ್ಳದೆ ಅವನ ಮಷೀನಿಗೆ ಬಂದು ನಿಲ್ಲುತ್ತಿದ್ದ. ಸರಕು ಹೇಳಿದ ದಿನಕ್ಕಿಂತ ಮೊದಲೇ ಹೋಯಿತು. ಕಾರ್ಖಾನೆಯವರು ಇನ್ನೂ ದೊಡ್ಡ ಆರ್ಡರು ಕೊಟ್ಟರು. ಸೇತುರಾಮ ತರಕಾರಿಯವನನ್ನೂ ನಿಲ್ಲಿಸಿಕೊಂಡು, ಜನರನ್ನು ಕಟ್ಟುವುದು ಹೇಗೆ ಎಂದು ಉಪದೇಶ ಮಾಡತೊಡಗಿದ. ಆರ್.ಟಿ. ನಗರದಲ್ಲಿ ಅವನ ಕಣ್ಣು ತಪ್ಪಿಸಿ ಓಡಾಡುವುದು ಕಷ್ಟವಾಯಿತು.

ಯುಗಾದಿ ಕಳೆದ ಮೇಲೆ ಒಂದು ಶನಿವಾರ ತನ್ನ ಜನರನ್ನು ತೋರಿಸಲೆಂದೇ ನನ್ನನ್ನು ಷೆಡ್ಡಿಗೆ ಕರೆದುಕೊಂಡು ಹೋದ. ಐವರೂ ಮಷೀನು ಒರೆಸಿಟ್ಟು ಸಾಲಾಗಿ ಬಂದು ನಿಂತರು. ಮುನಿಯಣ್ಣ ಗಂಟಲು ಸರಿಮಾಡಿಕೊಂಡ.

"ಸಾರ್, ಬ್ಯಾಟರಾಯಪ್ನೋರು ಪಕ್ಕದಾಗೇ ಒಸಾ ಫ್ಯಾಕ್ಟ್ರಿ ಆಕ್ತಾವ್ರೆ. ನಮ್ಮುನ್ನ ಕರೆದವ್ರೆ. ಒಬ್ಬೊಬ್ರೇ ಬಿಟ್ಟೋಗೋದು ತಪ್ಪು ಅಂತ ನೀವೇ ಏಳ್ಕೊಟ್ರಿ. ಅದ್ಕೇ ಎಲ್ಲಾರೂ ಒಟ್ಗೇ ಓಯ್ತಾ ಇದೀವಿ."

ಬ್ಯಾಟರಾಯಪ್ಪ ತನ್ನ ಜಗಲಿಯಿಂದ ಎಲ್ಲವನ್ನೂ ನೋಡುತ್ತಲೇ ಇದ್ದ. ಜನರನ್ನು ಕಟ್ಟುವ ತಾಪತ್ರಯವೇ ಅವನಿಗೆ ಬರಲಿಲ್ಲ. ಕಟ್ಟಿದ್ದನ್ನು ಎತ್ತಿಕೊಂಡ.

ಸೇತುರಾಮನ ಮುಖ ಬಿಳಿಚಿಕೊಂಡಿತು. ಹೊಸ ಆರ್ಡರು ಮುಗಿಯುವವರೆಗಾದರೂ ಇಬ್ಬರು ಇರಿ ಎಂದು ಕೈ ಮುಗಿದ. ಅವನು ಯಾರಿಗೂ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ, ನನಗೆ ಸಂಕಟವಾಯಿತು. ಅವರು ಮರದ ಕೆಳಗೆ ಹೋಗಿ ಮಾತಾಡಿಕೊಂಡು ಬಂದರು. ಆಗುವುದಿಲ್ಲ ಸಾರ್, ಯೂನಿಯನ್ನಿನ ಒಮ್ಮತದ ತೀರ್ಮಾನ ಎಂದು ಗಯಾಸ್ ಮೆಲ್ಲಗೆ ಹೇಳಿದ.

"ನೋಡಿದ್ಯೇನೇ, ನಿನ್ನ ಕೈಯಡುಗೆ ಉಂಡೋರು" ಎಂದು ಹೆಂಡತಿಯನ್ನು ಹುಡುಕಿದ. ಅವರು ಪಾತ್ರೆಗಳ ಹತ್ತಿರ ಇರಲಿಲ್ಲ. ಮರದ ಕೆಳಗಿಂದ ಅಕ್ಕಯ್ಯಮ್ಮನ ಜೊತೆ ಆಗತಾನೇ ಒಳಗೆ ಬರುತ್ತಿದ್ದರು.

"ನಾನೂ ಮೆಂಬರ್ ಅಲ್ವೇನ್ರೀ" ಎಂದರು ಕೃಷ್ಣವೇಣಿ. "ಬ್ಯಾಟರಾಯಪ್ಪನವರು ಅಡುಗೆಗೆ ಸಂಬಳ ಗೊತ್ತುಮಾಡಿದಾರೆ. ಮುನಿಯಣ್ಣನೇ ಮಾತಾಡಿದ್ದು."

ನೀನೂ ಹೋದರೆ ನನ್ನ ಗತಿ ಏನು ಎಂದ ಸೇತುರಾಮ. ಅವನ ಧ್ವನಿ ನಮಗೇ ಸರಿಯಾಗಿ ಕೇಳಿಸಲಿಲ್ಲ.

"ನಿಮ್ಮ ಊಟ ಮನೇಲಿ ಮಾಡಿ ಕಟ್ಟಿಕೊಡ್ತೀನಿ. ಅದಕ್ಕೆ ಸಂಬಳ ಕೇಳಲ್ಲ."

ಸೋಮವಾರ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಹೋಗಿ, ಅಕ್ಕಪಕ್ಕದ ಷೆಡ್ಡುಗಳಿಗೆ ನಡೆದರು. ಮಧ್ಯಾಹ್ನ ಆ ಕಡೆ ಎಲ್ಲರೂ ನಗುತ್ತ ಊಟಕ್ಕೆ ಕೂತ ಸದ್ದು ಕೇಳಿ, ತನ್ನ ಡಬ್ಬಿ ಬಿಚ್ಚಿಕೊಂಡು ಅತ್ತೆನೆಂದು ಸೇತುರಾಮ ಆಮೇಲೆ ನನಗೆ ಹೇಳಿದ. ಅವನನ್ನು ಗೇಲಿ ಮಾಡದೆ ನಾನು ಕೇಳಿಸಿಕೊಂಡ ಮಾತು ಅದೊಂದೇ.