ಮರೆಪ್ಪನ ಎದೆ ಓಡಿದ್ದೇಕೆ

ಮಾನಿಟರ್ ಕೂಗಿದರೆ ಶ್ಯಾಮಲಾ ಮೊದಲು ಮಲಗಿದವರ ಮುಖ ನೋಡುತ್ತಿದ್ದಳು. ಹೋದ ತಿಂಗಳು ತೀರಿಕೊಂಡ ನನ್ನ ಈ ಗೆಳತಿ ಹೆಬ್ಬಗೋಡಿಯ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಮುಗಿಸಿ ಬಂದವರು ಅರಿವಳಿಕೆಯಿಂದ ಎಚ್ಚರವಾಗುವ ಕೋಣೆಯಲ್ಲಿ ನರ್ಸ್ ಆಗಿದ್ದಳು. ನಿದ್ದೆಗೂ ಎಚ್ಚರಕ್ಕೂ ನಡುವೆ ಮನುಷ್ಯರ ಎದೆ ಏನೇನೆಲ್ಲ ಆಡುತ್ತದಲ್ಲ, ಅದರ ಕುತೂಹಲ ಅವಳಿಗೆ ಕೊನೆಯವರೆಗೂ ತೀರಲಿಲ್ಲ.

ಅವತ್ತು ಮಧ್ಯಾಹ್ನ ಬಂದವನು ಮರೆಪ್ಪ. ಸಿಂಧನೂರು ಕಡೆಯವನು, ಜಿಗಣಿಯಲ್ಲಿ ಗಾರೆ ಕೆಲಸ. ಹರ್ನಿಯಾ ಆಪರೇಷನ್ ಆಗಿತ್ತು. ಎಚ್ಚರವಾದವನು ಸುಮ್ಮನೆ ಸೂರು ನೋಡುತ್ತ ಮಲಗಿದ್ದ. ಎದೆಬಡಿತ ಮಾತ್ರ ಏರುತ್ತಲೇ ಹೋಯಿತು. ಪರದೆಯ ಗೆರೆ ನಡುನಡುವೆ ತಾಳ ತಪ್ಪತೊಡಗಿತು. ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ.

ಅರಿವಳಿಕೆಯ ಡಾಕ್ಟರು ಶಿವಶಂಕರ್ ಬಂದರು. "ಬಡಿತ ಇಳಿಸೋ ಇಂಜೆಕ್ಷನ್ ರೆಡಿ ಇಟ್ಕೊಳ್ಳಿ ಸಿಸ್ಟರ್. ಕೊಡೋಕೆ ಮುಂಚೆ ಕಾರಣ ಹುಡುಕೋಣ."

ಇಬ್ಬರೂ ಹುಡುಕಿದರು. ಆಮ್ಲಜನಕ ಸರಿಯಿತ್ತು. ಬ್ಯಾಂಡೇಜಿನಲ್ಲಿ ರಕ್ತವಿರಲಿಲ್ಲ. ಮೈ ಬೆಚ್ಚಗೇ ಇತ್ತು.

"ನೋವಿದೆಯಾ ಅಣ್ಣ?" ಶ್ಯಾಮಲಾ ಕೇಳಿದಳು.

"ಇಲ್ರಿ ಅಕ್ಕ. ಆರಾಮದೀನ್ರಿ."

ಆರಾಮಿದ್ದವನ ಹಣೆಯಲ್ಲಿ ಬೆವರು ಯಾಕೆ? ಕಾಲು ಯಾಕೆ ಹೀಗೆ ಬಿಗಿಹಿಡಿದಿದ್ದಾನೆ? ಶ್ಯಾಮಲಾ ಹೊಲಿಗೆ ತಪ್ಪಿಸಿ, ಹೊದಿಕೆಯ ಮೇಲಿಂದಲೇ ಅವನ ಕಿಬ್ಬೊಟ್ಟೆ ಮುಟ್ಟಿದಳು. ತುಂಬಿದ ಬಿಂದಿಗೆಯ ಹಾಗೆ ಗಟ್ಟಿ.

"ಅಯ್ಯೋ, ಒಂದಕ್ಕೆ ಬಂದಿದೆಯಾ? ಹೇಳ್ಬಾರ್ದಾ ಅಣ್ಣ!"

ಮರೆಪ್ಪ ಮುಖ ಆಚೆ ತಿರುಗಿಸಿದ. "ಅಕ್ಕ ಅಂತ ಕರದೀನ್ರಿ. ನಿಮ್ಮ ಮುಂದ ಹೆಂಗ ಹೇಳ್ಲಿ?"

ಡಾಕ್ಟರು ನಗು ನುಂಗಿಕೊಂಡು ವಾರ್ಡ್ ಬಾಯ್ ನೀಲಪ್ಪನನ್ನು ಕರೆದರು. ಶ್ಯಾಮಲಾ ಕರ್ಟನ್ ಎಳೆದು ಹೊರಗೆ ಬಂದಳು. ನೀಲಪ್ಪ ಪಾತ್ರೆ ಹಿಡಿದರೂ ಮೂತ್ರ ಬರಲಿಲ್ಲ; ಕೊನೆಗೆ ಡಾಕ್ಟರೇ ನಳಿಕೆ ಹಾಕಿದರು. ಸ್ವಲ್ಪ ಹೊತ್ತಿಗೆ ಬಡಿತ ಇಳಿದು ಗೆರೆ ಸಮನಾಯಿತು. ಇಂಜೆಕ್ಷನ್ ಬೇಕಾಗಲಿಲ್ಲ.

"ಅದು ಕಟ್ಟಿಕೊಂಡ್ರೆ ಎದೆ ಯಾಕೆ ಸಾರ್ ಓಡ್ಬೇಕು?" ಶ್ಯಾಮಲಾ ಬಿಡಲಿಲ್ಲ.

"ಬಾಯಿ ಹೇಳ್ದಿದ್ರೂ ನರ ಸುದ್ದಿ ಮುಟ್ಟಿಸುತ್ತೆ ಕಣಮ್ಮ. ಎದೆ ಗಾಬರಿ ಬೀಳುತ್ತೆ."

ಹೊರಗೆ ಕಾಯುತ್ತಿದ್ದ ಹೆಂಡತಿ ದುರ್ಗವ್ವ ವಿಷಯ ತಿಳಿದು ಹಣೆ ಚಚ್ಚಿಕೊಂಡಳು. "ಸೈಟಿನ್ಯಾಗ ಇವನ ಬಾಯಿ ಕೇಳ್ಬೇಕ್ರಿ ನೀವು! ಇಲ್ಲಿ ನೋಡ್ರಿ, ಹೊಸಾ ಮದುಮಗಳು!"

ಶ್ಯಾಮಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನದಿಂದ, ಗಂಡಸರು ಎಚ್ಚರವಾದರೆ ಆ ಒಂದು ಪ್ರಶ್ನೆ ಕೇಳಲು ನೀಲಪ್ಪನನ್ನೇ ಕಳಿಸತೊಡಗಿದಳು. ತಾನು ಬಾಗಿಲಲ್ಲಿ ನಿಂತು, ಉತ್ತರ ಬರುವವರೆಗೂ ಮಾನಿಟರಿನ ಸದ್ದಿಗೆ ಕಿವಿಗೊಟ್ಟಿರುತ್ತಿದ್ದಳು.

ನೀಲಪ್ಪ ಈಗಲೂ ಕೇಳುತ್ತಾನೆ. ಕೇಳಿ, ಅಭ್ಯಾಸಬಲದಿಂದ, ಒಮ್ಮೆ ಬಾಗಿಲ ಕಡೆ ನೋಡುತ್ತಾನೆ.