ಎಡಗೈ ಕುಡುಗೋಲು

"ಅಲ್ಲೇನಿದೆ ಮೇಡಂ, ಬರೀ ಹುಲ್ಲು" ಅಂತ ಒಬ್ಬ ಮನುಷ್ಯ ನನ್ನ ಅಂಗಡಿಯ ಕೌಂಟರಿನ ಮೇಲೆ ಮೊಣಕೈ ಊರಿಕೊಂಡು ಹೇಳಿದ. ಎಷ್ಟೋ ವರ್ಷವಾಯಿತು. ಆ ಮಾತು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆದದ್ದಾಯಿತು ಬಿಡು ಅನ್ನುತ್ತಾರೆ ನಮ್ಮ ಮನೆಯವರು. ಯಾಕೆ ಬಿಡಬೇಕು? ನಾನು ಬಿಡುವವಳಲ್ಲ.

ಆಗ ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ದಿನವೆಲ್ಲ ಪಹಣಿ, ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಇಷ್ಟೇ. ದೀಪಾವಳಿ ಕಳೆದ ಮೇಲೆ ಒಂದು ದಿನ ಈ ಮನುಷ್ಯ ಬಂದ. ತಲೆಗೆ ಟೋಪಿ, ಮೈತುಂಬ ಜೇಬಿರುವ ಪ್ಯಾಂಟು, ಬಾಯಿ ತುಂಬ ಮೇಡಂ ಮೇಡಂ. ಬೆಂಗಳೂರಿನ ಯಾವುದೋ ಜೀಪ್ ಕ್ಲಬ್ಬಿನ ಮುಖಂಡನಂತೆ. ಒಂದು ನಕ್ಷೆ ಬಿಚ್ಚಿ, ದೊಡ್ಡದು ಮಾಡಿ ಕಾಪಿ ತೆಗೆದುಕೊಡಿ ಅಂದ. ನೋಡಿದರೆ ನಮ್ಮೂರ ಬೆಟ್ಟ! ಹುತ್ರಿದುರ್ಗದ ಕಡೆಗೆ ಹೋಗುವಾಗ ಸಿಗುವ ಊರು ನನ್ನ ತವರು. ಅದರ ಹಿಂದಿನ ಬೆಟ್ಟವೆಲ್ಲ ಫಾರೆಸ್ಟಿನವರದ್ದು. ಆ ಬೆಟ್ಟದ ಮೇಲೆ ಕೆಂಪು ಪೆನ್ನಿನಲ್ಲಿ ಉದ್ದಕ್ಕೆ ಗೆರೆ ಎಳೆದಿದ್ದ.

"ಇದೇನಿದು?" ಅಂದೆ.

"ಟ್ರ್ಯಾಕು ಮೇಡಂ. ರಸ್ತೆ ಇಲ್ಲದ ಕಡೆ ಜೀಪ್ ಓಡಿಸೋದು. ಪರ್ಮಿಷನ್ ಎಲ್ಲ ಆಗಿದೆ. ಇಲ್ಲಿ ಹಳ್ಳ ದಾಟ್ತೀವಿ, ಇಲ್ಲಿ ಬಂಡೆ ಹತ್ತಿಸ್ತೀವಿ, ಇದು ನೋಡಿ, ಇದೇ ಬೆಸ್ಟು, ಫುಲ್ ಓಪನ್ ಇಳಿಜಾರು."

ಅವನು ಬೆರಳಿಟ್ಟದ್ದು ಬೆಟ್ಟದ ಮೂಡಲ ಪಕ್ಕದ ಮೇಲೆ. ಅಲ್ಲಿ ಹಂಚಿ ಬೆಳೆಯುತ್ತದೆ, ಅದರಲ್ಲಿ ಜನ ಪೊರಕೆ ಕಟ್ಟುತ್ತಾರೆ, ಗೆರೆ ಸ್ವಲ್ಪ ಆಚೆಗೆ ಹಾಕಿಕೊಳ್ಳಿ ಅಂದೆ. ಆಗ ಬಂತು ಆ ಮಾತು. ಬರೀ ಹುಲ್ಲು.

ಆ ಬರೀ ಹುಲ್ಲೇ ನಾನು ತಿಂದ ಅನ್ನ. ಹಂಚಿ ಅಂದರೆ ಸೊಂಟದೆತ್ತರಕ್ಕೆ ಬುಡ ಬುಡವಾಗಿ ಬೆಳೆಯುವ ಹುಲ್ಲು. ದೀಪಾವಳಿ ಕಳೆದು ಸಂಕ್ರಾಂತಿಯೊಳಗೆ ಅದರ ಕಡ್ಡಿ ಬಲಿಯುತ್ತದೆ. ಅಪ್ಪ ತೀರಿಕೊಂಡ ಮೇಲೆ ನಮ್ಮಮ್ಮ ಅದನ್ನೇ ಕುಯ್ದು, ಒಣಗಿಸಿ, ಬೀಜ ಉದುರಲಿ ಅಂತ ಬಡಿದು, ಪೊರಕೆ ಕಟ್ಟಿ ನಮ್ಮನ್ನು ಸಾಕಿದ್ದು. ತುಮಕೂರಿನ ಮಂಡಿಪೇಟೆಯಲ್ಲಿ ಪೊರಕೆ, ಮೊರ, ಚಾಪೆ ಮಾರುವ ಸಾಬರೊಬ್ಬರು ವರ್ಷಾ ವರ್ಷಾ ಲಗೇಜ್ ಆಟೋದಲ್ಲಿ ಬಂದು ಅಷ್ಟನ್ನೂ ಹೇರಿಕೊಂಡು ಹೋಗುತ್ತಿದ್ದರು. "ಅಕ್ಕಾ, ನಿಮ್ ಪೊರಕೆ ನಾನು ಕಣ್ಮುಚ್ಕೊಂಡು ಹೇಳ್ತೀನಿ, ಕಟ್ಟೆಲ್ಲ ಉಲ್ಟಾ ಸುತ್ತಿರುತ್ತೆ" ಅಂತ ನಗುತ್ತಿದ್ದರು.

ಉಲ್ಟಾ ಯಾಕೆಂದರೆ ಅಮ್ಮ ಎಡಚಿ. ಊಟ ಮಾತ್ರ ಬಲಗೈಯಲ್ಲಿ, ಅದೂ ಚಿಕ್ಕಂದಿನಲ್ಲಿ ಅವರಮ್ಮ ಕೈಗೆ ಬಾರಿಸಿ ಬಾರಿಸಿ ಕಲಿಸಿದ್ದು. ಮಿಕ್ಕ ಕೆಲಸವೆಲ್ಲ ಎಡಗೈಯಲ್ಲೇ. ಅಂಗಡಿಯಲ್ಲಿ ಸಿಗುವ ಹಲ್ಲಿನ ಕುಡುಗೋಲು ಬಲಗೈಯವರಿಗೆ ಅಂತ ಒಂದೇ ಮಗ್ಗುಲಿಗೆ ಹಲ್ಲು ಕಡಿದದ್ದು. ಎಡಗೈಯಲ್ಲಿ ಹಿಡಿದರೆ ಹುಲ್ಲಿನ ಮೇಲೆ ಜಾರುತ್ತದೆ, ಕುಯ್ಯುವುದಿಲ್ಲ. ಅದಕ್ಕೆ ನಮ್ಮಪ್ಪ ಗುಬ್ಬಿ ತಾಲ್ಲೂಕಿನ ಕಡಬಕ್ಕೆ, ನನ್ನ ಸೋದರತ್ತೆಯ ಊರಿಗೆ ಹೋಗಿ, ಅಲ್ಲಿಯ ಕುಲುಮೆಯಲ್ಲಿ ಕೂತು, ಹಲ್ಲನ್ನು ಇನ್ನೊಂದು ಮಗ್ಗುಲಿಗೆ ಕಡಿಸಿ ಒಂದು ಕುಡುಗೋಲು ಮಾಡಿಸಿಕೊಂಡು ಬಂದರು. "ಹೆಂಡ್ರಿಗೋಸ್ಕರ ಕುಡ್ಲನ್ನೇ ತಿರುಗ್ಸವ್ನೆ" ಅಂತ ಅಲ್ಲಿ ಕೂತವರೆಲ್ಲ ನಕ್ಕರಂತೆ. ನಗಲಿ. ಹುಣಸೆಮರದ ಹಿಡಿ, ಹಿಡಿಯ ಕೊರಳಿಗೆ ಹಳೇ ಸೈಕಲ್ ಪಂಪಿನಿಂದ ಕುಯ್ದು ಕೂರಿಸಿದ ಹಿತ್ತಾಳೆ ಬಳೆ. ಅಮ್ಮನಿಗೆ ಅಂತಲೇ ಅಪ್ಪ ಮಾಡಿಸಿಕೊಟ್ಟ ವಸ್ತು ಅಂದರೆ ಅದೊಂದೇ.

ಅದನ್ನು ಕಿತ್ತುಕೊಂಡವನು ಫಾರೆಸ್ಟ್ ಗಾರ್ಡು. ತೊಂಬತ್ತರ ದಶಕದ ನಡುವೆ, ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ, ಅವನು ನಮ್ಮ ಕಡೆಗೆ ಹೊಸದಾಗಿ ಬಂದಿದ್ದ. ಅಮ್ಮನ ಜೊತೆ ನಾನೂ ಬೆಟ್ಟದಲ್ಲಿದ್ದೆ. "ಏನಮ್ಮೋ, ಇದೇನ್ ನಿಮ್ಮಪ್ಪನ್ ಜಾಗವಾ? ಗೌರ್ಮೆಂಟ್ ಕಾಡು ಇದು" ಅಂತ ಬಂದವನೇ ಕೈಯಿಂದ ಕುಡುಗೋಲು ಕಸಿದುಕೊಂಡ. ಅಮ್ಮ ಇಳಿಜಾರಿನುದ್ದಕ್ಕೂ ಅವನ ಹಿಂದೆ ಓಡಿದಳು.

"ಸ್ವಾಮಿ, ಹುಲ್ಲು ಬೇಕಾದ್ರೆ ಇಟ್ಕಳಿ. ಕುಡ್ಲು ಕೊಟ್ಬುಡಿ ಸ್ವಾಮಿ."

"ಸೀಜ್ ಆಗೈತೆ ಕಣಮ್ಮ. ಮೇಲಕ್ಕೆ ಕಳಿಸ್ಬೇಕು."

ಆಮೇಲೆ ಅಮ್ಮ ಎಷ್ಟು ಸಲ ಅವನ ಕ್ವಾರ್ಟರ್ಸಿನ ಬಾಗಿಲಿಗೆ ಹೋಗಿ ಕೇಳಿದರೂ ಒಂದೇ ಮಾತು: ಮೇಲಕ್ಕೆ ಹೋಗೈತೆ, ನನ್ ಕೈಲಿಲ್ಲ. ಆದರೆ ಹಂಚಿ ಕುಯ್ಯುವುದಕ್ಕೆ ಒಂದು ದಾರಿ ಹೇಳಿಕೊಟ್ಟ. ವರ್ಷದ ಮೊದಲ ಜೋಡಿ ಪೊರಕೆ ಅವನ ಮನೆಗೆ ತಲುಪಬೇಕು, ತಲುಪಿದರೆ ಅವನಿಗೆ ಆ ಕಡೆ ಕಣ್ಣು ಕಾಣಿಸುವುದಿಲ್ಲ. ಥೂ! ಪೊರಕೆಯಲ್ಲೂ ಲಂಚ. ಆ ಜೋಡಿಯನ್ನು ಕೊಟ್ಟು ಬರುತ್ತಿದ್ದವಳು ನಾನು. ಅವನ ಹೆಂಡತಿ ಒಂದನ್ನು ಅಂಗೈಗೆ ಬಡಿದು ನೋಡಿ ಬಾಗಿಲ ಹಿಂದೆ ನಿಲ್ಲಿಸಿಕೊಳ್ಳುತ್ತಿದ್ದಳು. ಅಮ್ಮ ಅಂದಿನಿಂದ ಅಂಗಡಿಯ ಕುಡುಗೋಲನ್ನು ಬಾರದ ಬಲಗೈಯಲ್ಲಿ ಹಿಡಿದು ಕುಯ್ದಳು. ಮೊದಲು ಕುಯ್ಯುತ್ತಿದ್ದದ್ದರಲ್ಲಿ ಅರ್ಧವೂ ಆಗುತ್ತಿರಲಿಲ್ಲ. ಎಡಗೈ ಬೆರಳುಗಳ ಮೇಲೆ ಒಂದರ ಪಕ್ಕ ಒಂದು ಗಾಯದ ಗೆರೆ ಬಿದ್ದವು. ಹುಲ್ಲಿನ ಹಿಡಿ ಹಿಡಿದ ಕೈ ಈಗ ಅದಾಗಿತ್ತಲ್ಲ.

ಈಗ ಹೇಳಿ, ನನಗೆ ಸಿಟ್ಟು ಬರಬಾರದಾ?

ನಕ್ಷೆ ನೋಡಿದ ವಾರವೇ ಊರಿಗೆ ಹೋದೆ. ಅಮ್ಮನಿಗೆ ಹೇಳಿದರೆ ಅವಳದ್ದು ಅದೇ ನಿಧಾನ. "ದೊಡ್ಡ ಜನ, ಕೇಳಾನ ಬುಡು. ಕೇಳಿದ್ರೆ ಯಾಕೆ ಇಲ್ಲ ಅಂತಾರೆ?" ನನಗೆ ಅವಳ ಮೇಲೂ ರೇಗಿತು. ಜೀವಮಾನವೆಲ್ಲ ಕೇಳಿ ಕೇಳಿ ಏನು ಬಂತು ಅಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಹಿಂದೆ ನಾನು.

ಬೆಟ್ಟದಲ್ಲಿ ಆಗಲೇ ಕೆಲಸ ಶುರುವಾಗಿತ್ತು. ಮರಮರಕ್ಕೂ ಕೆಂಪು ರಿಬ್ಬನ್ನು, ನೆಲದ ಮೇಲೆ ಸುಣ್ಣದ ಪುಡಿಯ ಎರಡು ಗೆರೆ. ಟೋಪಿಯವನು ಕೈಯಲ್ಲಿ ಮೊಬೈಲಿನಂಥ ಒಂದು ಯಂತ್ರ ಹಿಡಿದು, ಅದನ್ನು ನೋಡಿಕೊಂಡು ಹೆಜ್ಜೆ ಇಡುತ್ತಿದ್ದ. ಅವನ ಪಕ್ಕದಲ್ಲಿ ಅದೇ ಗಾರ್ಡು, ಈಗ ಹೊಟ್ಟೆ ಬಂದಿತ್ತು, ಎಳನೀರು ಕುಡಿಯುತ್ತ ನಿಂತಿದ್ದ. ಸುಣ್ಣದ ಗೆರೆಯ ನಡುವೆ ಇಬ್ಬರು ಕೂಲಿಯವರು ಹಂಚಿ ಸವರಿ ದಾರಿ ಬಿಡಿಸುತ್ತಿದ್ದರು. ಕುಯ್ದ ಕಡ್ಡಿಯನ್ನು ಕಾಲಲ್ಲಿ ಪಕ್ಕಕ್ಕೆ ನೂಕುತ್ತಿದ್ದರು. ಬಲಿತ ಕಡ್ಡಿ!

ಅಮ್ಮ ಟೋಪಿಯವನಿಗೆ ಕೈಮುಗಿದಳು. "ಸ್ವಾಮಿ, ಬ್ಯಾಡ ಅಂತ ನಾನ್ ಅನ್ನಕಿಲ್ಲ. ಆ ಪಕ್ಕ ಹಳೇ ಬಂಡಿಜಾಡು ಐತೆ, ಅಂಗೆ ಓಡಿಸ್ಕಳಿ. ಇದೊಂದ್ ಪಕ್ಕ ಬುಟ್ಬುಡಿ, ನಮ್ ಜೀವನ ಇದು."

"ಅಮ್ಮ, ಬಂಡಿಜಾಡಲ್ಲಿ ಏನು ಮಜಾ ಇರುತ್ತೆ ಹೇಳಿ? ನೀವು ಹೆದರ್ಕೋಬೇಡಿ. ಹುಲ್ಲು ತಾನೇ, ಮಳೆ ಬಂದರೆ ಮತ್ತೆ ಬರುತ್ತೆ. ನಾವು ಕಾಡನ್ನು ಪ್ರೀತಿಸೋ ಜನ. ಒಂದು ಪ್ಲಾಸ್ಟಿಕ್ ಕವರು ಸಹ ಬಿಟ್ಟು ಹೋಗಲ್ಲ." ನಗುನಗುತ್ತಲೇ ಹೇಳಿದ. ಕೆಟ್ಟ ಮನುಷ್ಯನಾಗಿದ್ದರೆ ಉಗಿದು ಬರಬಹುದಿತ್ತು. ಇವನು ಅಮ್ಮನಿಗೂ ಒಂದು ಎಳನೀರು ಕೊಚ್ಚಿಸಿ ಕೊಡಿ ಅಂದ.

ಅಮ್ಮ ಗಾರ್ಡಿನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಸ್ವಾಮಿ."

"ನಂದೇನೈತೆ ಕಣಮ್ಮ? ಪರ್ಮಿಷನ್ನು ಮೇಲಿಂದ ಬಂದೈತೆ."

ಮತ್ತೆ ಅದೇ ಮೇಲೆ! ನಮ್ಮಿಂದ ಕಸಿದುಕೊಂಡದ್ದು ಮೇಲಕ್ಕೆ ಹೋಗುತ್ತದೆ, ನಮ್ಮನ್ನು ತುಳಿಯುವುದಕ್ಕೆ ಮೇಲಿಂದ ಬರುತ್ತದೆ. ಯಾವುದಪ್ಪ ಆ ಮೇಲು, ಯಾರಿದ್ದಾರೆ ಅಲ್ಲಿ, ಕರೆಸು ನೋಡೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಕೂಲಿಯವನೊಬ್ಬ ಕೂಗಿದ.

"ಥೂ, ಎಂಥಾ ದರಿದ್ರ ಕುಡ್ಲು ಕೊಟ್ಟಿದೀರ ಸಾ! ಒಂದ್ ಕಡ್ಡಿ ಕುಯ್ಯಾಕಿಲ್ಲ, ಬರೀ ಜಾರ್ತದೆ."

ಅವನಿಗೆ ಸರಿಯಾಗಿ ಹಿಡಿಯಲು ಬರುವುದಿಲ್ಲ ಅಂತ ಇನ್ನೊಬ್ಬ ನಕ್ಕ. ಅಮ್ಮ ನಗಲಿಲ್ಲ. ಹಂಚಿ ಸರಿಸಿಕೊಂಡು ಅವನ ಹತ್ತಿರ ನಡೆದುಹೋಗಿ ಎಡಗೈ ಚಾಚಿದಳು. "ಅದು ನಿನ್ ಕೈಗೆ ಬರಾದಲ್ಲ ಕಣಪ್ಪ. ತತ್ತಾ ಇಲ್ಲಿ."

ಅವನು ಕೊಟ್ಟ. ಹಿತ್ತಾಳೆ ಬಳೆ ಕಪ್ಪಾಗಿತ್ತು. ಹುಣಸೆ ಹಿಡಿ ಹಾಗೇ ಇತ್ತು. ಅಮ್ಮ ಹೆಬ್ಬೆರಳಿನಿಂದ ಹಲ್ಲು ಸವರಿದಳು, ಸೆರಗಿನಿಂದ ಬಳೆ ಉಜ್ಜಿದಳು, ಆಮೇಲೆ ಗಾರ್ಡಿನ ಮುಖ ನೋಡಿದಳು. ಅಲ್ಲಿಯವರೆಗೆ ಅಮ್ಮ ಅವನಿಗೆ ಸ್ವಾಮಿ, ನೀವು ಅಂತಲೇ ಅನ್ನುತ್ತಿದ್ದದ್ದು.

"ಇದು ಮೇಲಕ್ಕೆ ಹೋಗಿತ್ತಲ್ಲಪ್ಪ. ಯಾವಾಗ ಇಳೀತು?"

ಗಾರ್ಡು ಎಳನೀರಿನ ಬುರುಡೆ ಕೆಳಗಿಟ್ಟ. "ಅದು... ಮೂಲೇಲಿ ಎಲ್ಲೋ ಬಿದ್ದಿತ್ತು. ಅಂಥವು ಬೇಕಾದಷ್ಟಿರ್ತವೆ. ಯಾವ್ದು ಯಾರ್ದು ಅಂತ ನಂಗೇನ್ ಗೊತ್ತು?"

ನನಗೆ ತಡೆಯಲಾಗಲಿಲ್ಲ. ಕಳ್ಳ, ಲೋಫರ್, ಇನ್ನೂ ಏನೇನು ಬಾಯಿಗೆ ಬಂತೋ ಅಷ್ಟನ್ನೂ ಅಂದೆ. ಒಂದು ಹಿಡಿ ಹುಲ್ಲು ಕುಯ್ದ ವಿಧವೆಯ ಕೈಯಿಂದ ಕುಡುಗೋಲು ಕಿತ್ತು, ಅದೇ ಕುಡುಗೋಲಲ್ಲಿ ಅದೇ ಹುಲ್ಲು ಕುಯ್ಸಿ ಶೋಕಿಲಾಲರಿಗೆ ದಾರಿ ಮಾಡಿಕೊಡ್ತೀಯಲ್ಲೋ, ನೀನು ಅನ್ನ ತಿಂತೀಯೋ ಏನು ತಿಂತೀಯೋ ಅಂತ ಕಿರುಚಿದೆ. ಟೋಪಿಯವನು "ಮೇಡಂ, ಸಮಾಧಾನ, ಸಮಾಧಾನ" ಅಂದ. ನಿನ್ನ ಸಮಾಧಾನ ಯಾರಿಗೆ ಬೇಕು ಅಂದೆ. ಅದನ್ನು ಅಂದಿದ್ದಕ್ಕೆ ನನಗೆ ಇವತ್ತಿಗೂ ಒಂದಿಷ್ಟೂ ಬೇಸರವಿಲ್ಲ.

ಅಮ್ಮನಿಗೆ ಇದ್ಯಾವುದೂ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವಳು ಸುಣ್ಣದ ಗೆರೆಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬಲಗೈಯಲ್ಲಿ ಹಿಡಿ ಹಿಡಿದು, ಎಡಗೈಯಲ್ಲಿ ಒಂದು ಎಳೆತ. ಸರಕ್. ಎಷ್ಟು ವರ್ಷದ ಮೇಲೆ ಕೇಳಿದ ಸದ್ದು ಅದು.

"ಏಯ್, ಯಾರ್ನ ಕೇಳ್ಬುಟ್ಟು ಕುಯ್ತಾ ಇದೀಯ?" ಅಂತ ಗಾರ್ಡು ಮುಂದೆ ಬಂದ.

"ಇವ್ರು ದಾರಿಗೆ ಕುಯ್ತಾವ್ರೆ, ನಾನು ಪರ್ಕೆಗೆ ಕುಯ್ತೀನಿ. ಇವ್ರಿಗೆ ಕೂಲಿ ಕೊಡ್ಬೇಕು, ನಂಗೆ ಅದೂ ಬ್ಯಾಡ. ಬೇಕಾದ್ರೆ ಮತ್ತೆ ಕಿತ್ಕೋ ಬಾ" ಅಂದಳು, ತಲೆ ಎತ್ತದೆ.

ಅವನು ಬರಲಿಲ್ಲ. ಬೆಂಗಳೂರಿನವರ ಎದುರಿಗೆ ಹೆಂಗಸಿನ ಕೈಗೆ ಕೈ ಹಾಕುವುದು ಬೇಡ ಅನ್ನಿಸಿತೋ, ನನ್ನ ಬಾಯಿಗೆ ಹೆದರಿದನೋ. ಅಮ್ಮ ಹೊತ್ತು ಮುಳುಗುವವರೆಗೆ ಕುಯ್ದಳು, ನಾನು ಹೊರೆ ಕಟ್ಟಿ ಕೆಳಗೆ ಹೊತ್ತೆ. ಮಾರನೆಯ ದಿನವೂ ಕುಯ್ದಳು. ಆದರೆ ಆ ಪಕ್ಕ ದೊಡ್ಡದು, ಕುಯ್ಯುವವಳು ಒಬ್ಬಳು.

ಮುಂದಿನ ಭಾನುವಾರ ಜೀಪುಗಳು ಬಂದವು. ಅಂಗಡಿ ಮುಚ್ಚಿ ನಾನೂ ಹೋಗಿ ಊರವರ ಜೊತೆ ಕೆಳಗೆ ನಿಂತಿದ್ದೆ. ಅವು ಸುಣ್ಣದ ಗೆರೆ ದಾಟಿ ಆ ಪಕ್ಕದ ತುಂಬ ಹರಡಿಕೊಂಡವು. ಒಂದೊಂದೂ ಇಳಿಜಾರಿನ ನಡುವೆ ಬಂದು, ಹತ್ತಲಾರದೆ, ನಿಂತಲ್ಲೇ ಚಕ್ರ ತಿರುಗಿಸುತ್ತಿತ್ತು. ಮಣ್ಣು ಹಿಂದಕ್ಕೆ ಚಿಮ್ಮುತ್ತಿತ್ತು, ಮಣ್ಣಿನ ಜೊತೆ ಹಂಚಿಯ ಬುಡ. ಹತ್ತಿದವನಿಗೆ ಚಪ್ಪಾಳೆ. ನಮ್ಮೂರವರೂ ಚಪ್ಪಾಳೆ ಹೊಡೆದರು, ಹಾಳಾದವರು! ಸಂಜೆ ಎಲ್ಲ ಹೋದ ಮೇಲೆ ಅಮ್ಮ, ನಾನು ಹತ್ತಿ ನೋಡಿದೆವು. ಅವನು ಹೇಳಿದ ಮಾತಿಗೆ ತಪ್ಪಿರಲಿಲ್ಲ. ಒಂದು ಪ್ಲಾಸ್ಟಿಕ್ ಕವರು ಸಹ ಬಿಟ್ಟಿರಲಿಲ್ಲ. ಬೇರು ಮೇಲಾಗಿ ಬಿದ್ದ ಹಂಚಿಯನ್ನು ಮಾತ್ರ ಬಿಟ್ಟು ಹೋಗಿದ್ದರು. ಅಮ್ಮ ಒಂದೆರಡು ಬುಡವನ್ನು ಎತ್ತಿ ಮಣ್ಣಿಗೆ ಒತ್ತಿ ನೆಟ್ಟಳು. ಆಮೇಲೆ ಸಾಕು ಅಂತ ಕೈ ಒದರಿಕೊಂಡಳು.

ಮಳೆಗಾಲದಲ್ಲಿ ಆ ಜಾಡುಗಳ ಗುಂಟ ಕೆಂಪು ನೀರು ಹರಿದು ಕೊರಕಲಾಯಿತು. ಹಂಚಿ ಬರಲಿಲ್ಲ, ಪಾರ್ಥೇನಿಯಂ ಬಂತು. ದೀಪಾವಳಿಯ ಹೊತ್ತಿಗೆ ಟೋಪಿಯವನು ಮತ್ತೆ ನನ್ನ ಅಂಗಡಿಗೆ ಬಂದ. ಹೋದ ವರ್ಷದ ಇಳಿಜಾರು ಎಲ್ಲರಿಗೂ ತುಂಬ ಹಿಡಿಸಿತಂತೆ, ಈ ಸಲ ಅದನ್ನು ಇನ್ನಷ್ಟು ಉದ್ದ ಮಾಡುತ್ತಾರಂತೆ. ಹೊಸ ನಕ್ಷೆ ಬಿಚ್ಚಿದ. ಮೆಷಿನ್ ಕೆಟ್ಟಿದೆ ಅಂದೆ. ಅವನ ಎದುರಿಗೇ ಪಕ್ಕದಲ್ಲಿ ನಿಂತಿದ್ದ ರೈತನ ಪಹಣಿ ಇಸಕೊಂಡು ಜೆರಾಕ್ಸ್ ಮಾಡಿ ಕೊಟ್ಟೆ. ಅವನು ಮುಖ ಸಣ್ಣಗೆ ಮಾಡಿಕೊಂಡು ಇನ್ನೊಂದು ಅಂಗಡಿಗೆ ಹೋದ. ಅಲ್ಲಿ ಮಾಡಿಕೊಟ್ಟಿರುತ್ತಾರೆ, ನನಗೆ ಗೊತ್ತು.

ಮಂಡಿಪೇಟೆಯ ಸಾಬರು ಬಂದು, ಟೀ ಕುಡಿದು, ಖಾಲಿ ಆಟೋ ತಿರುಗಿಸಿಕೊಂಡು ಹೋದರು. ಅಮ್ಮ ತೆಂಗಿನ ಗರಿ ಸೀಳಿ ಅಂಗಳ ಗುಡಿಸುವ ಕಡ್ಡಿ ಪೊರಕೆ ಕಟ್ಟತೊಡಗಿದಳು. ಅದನ್ನು ಪ್ರತಿ ಮನೆಯಲ್ಲೂ ಕಟ್ಟಿಕೊಳ್ಳುತ್ತಾರೆ, ಕೊಳ್ಳುವವರು ಯಾರು? ಕುಡುಗೋಲು ನಡುಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಬಳೆ ಫಳಫಳ.

ಸಂಕ್ರಾಂತಿ ಕಳೆದ ಮೇಲೆ ನಾನು ಊರಿಗೆ ಹೋಗಿದ್ದಾಗ ಬಾಗಿಲಲ್ಲಿ ಬೈಕು ನಿಂತಿತು. ಗಾರ್ಡು. ಆ ಮುಖ ಇಟ್ಟುಕೊಂಡು ಹೇಗೆ ಬಂದನೋ ದೇವರೇ ಬಲ್ಲ. ಬೈಕಿನಿಂದ ಇಳಿಯಲೂ ಇಲ್ಲ.

"ಏನಮ್ಮೋ, ಈ ವರ್ಷ ನಮ್ಮನೆಗೆ ಪರ್ಕೆ ಬರ್ಲೇ ಇಲ್ಲ? ಹಳೇದು ಸವೆದೋಗೈತೆ ಅಂತ ನಮ್ಮನೇವ್ಳು ಬೈತಾವ್ಳೆ."

ನಾನು ಎದ್ದೆ. ಅಮ್ಮ ನನ್ನ ಭುಜ ಅದುಮಿ ಕೂರಿಸಿ, ಒಳಗೆ ಹೋಗಿ, ಮೊಳೆಯಿಂದ ಕುಡುಗೋಲು ತೆಗೆದುಕೊಂಡು ಬಂದು ಜಗಲಿಯ ಮೇಲೆ ಅವನ ಕಣ್ಣೆದುರಿಗೆ ಇಟ್ಟಳು.

"ಕುಡ್ಲು ನಂತಾವ ಐತೆ ಕಣಪ್ಪ" ಅಂದಳು. "ಹುಲ್ಲು ನೀನ್ ತಂದ್ಕೊಡು."